ಮೈನಸ್ ಎರಡು, ಮೂರು

ಮುಂಬಯಿಯ ಮುಲುಂಡಿನ ತಮ್ಮ ವಸತಿ ಸೊಸೈಟಿಯಲ್ಲಿ ಯಾರಾದರೂ ಎಷ್ಟು ಓದಿದ್ದೀರಿ ಎಂದು ಕೇಳಿದರೆ ಕೌಸಲ್ಯಾ ಮಾತು ತಿರುಗಿಸಿಬಿಡುತ್ತಿದ್ದಳು. ನಂಜನಗೂಡಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಕಾಲೇಜಿನಿಂದ ಅರ್ಜಿ ತರಲು ಯಾರೂ ಹೋಗಲಿಲ್ಲ. ಮದುವೆಯಾಗಿ ಮುಂಬಯಿಗೆ ಬಂದಮೇಲೆ, ಬೆಳಗಾದರೆ ಬ್ಯಾಂಕು, ಕಾಲೇಜು, ಲ್ಯಾಬು ಎಂದು ಲೋಕಲ್ ರೈಲು ಹಿಡಿಯಲು ಓಡುವ ಹೆಂಗಸರ ನಡುವೆ ಇದ್ದುಕೊಂಡು, ಆ ಒಂದು ಪ್ರಶ್ನೆಗೆ ಅವಳು ನೇರ ಉತ್ತರ ಕೊಟ್ಟದ್ದೇ ಇಲ್ಲ.

ಮೊದಲ ಸಲ ಕೊಟ್ಟದ್ದು ಮೆಟ್ಟಿಲು ಗುಡಿಸಲು ಬರುತ್ತಿದ್ದ ಇಂದ್ರಾಬಾಯಿಗೆ.

ಇಂದ್ರಾಬಾಯಿ ಕಲಬುರಗಿ ಕಡೆಯವಳು. ಗಂಡ ಬಂಡೆಪ್ಪ ಗಾರೆ ಕೆಲಸದವನು. ಭಾಂಡುಪಿನ ಗುಡ್ಡದ ಮೇಲೆ ಒಂದು ಕೋಣೆಯ ಮನೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳು ಪೊರಕೆ ಹಿಡಿದುಕೊಂಡೇ ಕೌಸಲ್ಯಾಳ ಬಾಗಿಲು ತಟ್ಟಿದಳು.

"ಅಕ್ಕೋರ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಎಷ್ಟನೇತ್ತ ತನಕ ಕಲ್ತೀರಿ?"

"ಯಾಕೆ ಇಂದ್ರಾಬಾಯಿ?"

"ನಮ್ ಮಗಳು ರಂಜನಾಂದು ಹನ್ನೆರಡನೇ ಪರೀಕ್ಷಾ ಅದ ರೀ. ಆಕಿಗಿ ಕಣ್ಣು ಕಾಣಂಗಿಲ್ಲಲ್ಲ, ಪ್ರಶ್ನಿ ಓದಿ, ಆಕಿ ಹೇಳಿದ್ದು ಬರಿಯೋರು ಬೇಕು. ಬರೀತೀನಿ ಅಂದಿದ್ದ ಹುಡುಗಿಗೂ ಅದೇ ದಿನಾನೇ ಪರೀಕ್ಷಾ ಬಂತು. ಬರಿಯೋರು ಹನ್ನೆರಡಕಿಂತ ಕಡಿಮಿ ಕಲ್ತಿರಬೇಕಂತ ರೂಲ್ ಅದ. ಈ ಬಿಲ್ಡಿಂಗ್‌ದಾಗ ನೋಡಿದ್ರ ಎಲ್ಲರೂ ಭಾಳ ಕಲ್ತೋರೇ ಇದ್ದಾರ."

ಕೌಸಲ್ಯಾ ಎದುರು ಮನೆಯ ಬಾಗಿಲಿನತ್ತ ಒಮ್ಮೆ ನೋಡಿದಳು. ಅದು ಮುಚ್ಚಿತ್ತು.

"ನಾನು ಓದಿರೋದು ಹತ್ತನೇ ಕ್ಲಾಸು," ಎಂದಳು.

ಇಂದ್ರಾಬಾಯಿಯ ಮುಖ ಅರಳಿತು. "ದೇವರೇ ತಂದು ಕೊಟ್ಟಂಗಾತು ನೋಡ್ರಿ!" ಎಂದಳು. ತನ್ನ ಹತ್ತನೇ ಕ್ಲಾಸಿಗೆ ಇಷ್ಟು ಸಂತೋಷಪಟ್ಟವರನ್ನು ಕೌಸಲ್ಯಾ ಅದುವರೆಗೆ ಕಂಡಿರಲಿಲ್ಲ.

ಸಂಜೆ ಗಂಡ ಕಿಟ್ಟು ಆಫೀಸಿನಿಂದ ಬಂದು ಶೂ ಬಿಚ್ಚುತ್ತಿರುವಾಗಲೇ ಹೇಳಿದಳು. ಅವನು ಹುಬ್ಬೇರಿಸಿದ. "ಯಾವ ಸಬ್ಜೆಕ್ಟು?"

"ಇಂಗ್ಲಿಷು, ಎಕನಾಮಿಕ್ಸು, ಇನ್ನೂ ಏನೋ. ಮೊದಲನೇದು ಗಣಿತ."

"ಗಣಿತಾನಾ? ನಿಂಗೆ ತರಕಾರಿ ಲೆಕ್ಕಾನೇ ನಾನು ಫೋನಲ್ಲಿ ಮಾಡಿಕೊಡಬೇಕು!"

"ಲೆಕ್ಕ ಮಾಡೋದು ಅವಳು. ನಾನು ಬರಿಯೋದು ಅಷ್ಟೇ," ಎಂದಳು ಕೌಸಲ್ಯಾ.

ಭಾಂಡುಪ್ ಸ್ಟೇಷನ್ನಿನಿಂದ ಶೇರ್ ರಿಕ್ಷಾದಲ್ಲಿ ಹೋಗಿ, ಅದು ನಿಂತಲ್ಲಿಂದ ಓಣಿಯ ಮೆಟ್ಟಿಲು ಹತ್ತಿದರೆ ರಂಜನಾಳ ಮನೆ. ಇಪ್ಪತ್ತೆರಡು ವರ್ಷದ ಹುಡುಗಿ, ಬಿಗಿಯಾಗಿ ಹೆಣೆದ ಜಡೆ, ಮಾತಾಡುವವರ ಕಡೆಗೆ ಕಿವಿ ಕೊಟ್ಟು ತುಸು ಓರೆಯಾಗಿ ಕೂರುವ ರೂಢಿ. ಎಂಟು ವರ್ಷದವಳಿದ್ದಾಗಲೇ ದೃಷ್ಟಿ ಪೂರ್ತಿ ಹೋಗಿತ್ತು. ಅಂಧರ ಶಾಲೆಯಲ್ಲಿ ಹತ್ತನೆಯದು ಮುಗಿಸಿ, ಒಂದಷ್ಟು ದಿನ ಒಂದು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಮಾಡಿ, ಈಗ ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟಿದ್ದಳು.

"ಗಣಿತ ಯಾಕೆ ತಗೊಂಡೆ? ಬೇರೆ ಏನಾದರೂ ಸುಲಭದ್ದು ಇರಲಿಲ್ವಾ?" ಕೌಸಲ್ಯಾ ಕೇಳಿದಳು.

"ಎಲ್ಲರೂ ಅದನ್ನೇ ಕೇಳ್ತಾರ," ಎಂದಳು ರಂಜನಾ. "ನನಗ ಬರ್ತದ ಆಂಟಿ. ಅದಕ್ಕ ತಗೊಂಡೀನಿ."

ಕೌಸಲ್ಯಾ ಕಲಿಯಬೇಕಾಗಿದ್ದದ್ದು ಬರೆಯುವ ಕ್ರಮವನ್ನು. ರಂಜನಾ "ಕಂಸ ತೆಗೀರಿ" ಎಂದರೆ ತೆರೆಯಬೇಕು, "ಮುಚ್ರಿ" ಎಂದರೆ ಮುಚ್ಚಬೇಕು. "ವೈ ಒಂದು" ಎಂದರೆ ಒಂದನ್ನು ವೈ ಅಕ್ಷರದ ಕಾಲಬುಡದಲ್ಲಿ ಚಿಕ್ಕದಾಗಿ ಬರೆಯಬೇಕು. ಪಕ್ಕದಲ್ಲಿ ದೊಡ್ಡದಾಗಿ ಬರೆದರೆ ಅರ್ಥವೇ ಬೇರೆ. ಮೊದಲ ದಿನಗಳಲ್ಲಿ ಕೌಸಲ್ಯಾ ಪ್ರತಿ ಸಾಲಿಗೂ ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದಳು. ರಂಜನಾಗೆ ತಾಳ್ಮೆ ಕಡಿಮೆ. "ಓದ್ರಿ, ಬರೆದಿದ್ದು ಓದ್ರಿ," ಎಂದು ಬೆರಳಿನಿಂದ ನೆಲ ತಟ್ಟುತ್ತಿದ್ದಳು. ಪಕ್ಕದ ಮನೆಯ ಟಿ.ವಿ., ಕುಕ್ಕರಿನ ಸೀಟಿ, ನೀರು ಬಂತೆಂದು ಓಣಿಯಲ್ಲಿ ಏಳುವ ಕೂಗು, ಇದರ ನಡುವೆ ಕೌಸಲ್ಯಾಗೆ ಒಂದು ಸಾಲಿನ ಮೇಲೆ ಮನಸ್ಸು ನಿಲ್ಲಿಸುವುದೇ ಕಷ್ಟವಾಗುತ್ತಿತ್ತು.

ಒಂದು ಮಧ್ಯಾಹ್ನ ಸರಳರೇಖೆಯ ಪಾಠ ಬಂತು. ಎರಡು ಬಿಂದುಗಳನ್ನು ಕೊಟ್ಟಿದೆ, ಅವುಗಳ ಮೂಲಕ ಹೋಗುವ ರೇಖೆಯ ಸಮೀಕರಣ ಕಂಡುಹಿಡಿ ಎಂಬ ಲೆಕ್ಕ. ರಂಜನಾ ಹೇಳಿದ್ದನ್ನೆಲ್ಲ ಕೌಸಲ್ಯಾ ಬರೆದು, ಪೆನ್ನು ಕೆಳಗಿಟ್ಟು ಕೇಳಿದಳು: "ಎರಡು ಚುಕ್ಕಿ ಕೊಟ್ಟಿದ್ದಾರೆ, ಸ್ಕೇಲ್ ಇಟ್ಟು ಗೆರೆ ಎಳೆದರೆ ಮುಗೀತಲ್ವಾ? ಇಷ್ಟೆಲ್ಲಾ ಯಾಕೆ ಬರೀಬೇಕು?"

ರಂಜನಾ ಮೂಲೆಯಿಂದ ಒಂದು ಹಲಗೆ ಎಳೆದುಕೊಂಡಳು. ಅದರ ಮೇಲೆ ರಬ್ಬರ್ ಹಾಳೆ ಅಂಟಿಸಿತ್ತು, ಹಾಳೆಯ ಮೇಲೆ ಕೈಗೆ ಹತ್ತುವ ಹಾಗೆ ಉಬ್ಬಿದ ಚೌಕದ ಮನೆಗಳು. ಅವಳು ಮನೆ ಎಣಿಸಿ ಎರಡು ಗುಂಡುಸೂಜಿ ಚುಚ್ಚಿ, ನಡುವೆ ಒಂದು ರಬ್ಬರ್ ಬ್ಯಾಂಡ್ ಬಿಗಿದಳು.

"ಇದು ಒಂದು, ಎರಡು. ಅಡ್ಡಕ್ಕ ಒಂದು, ಮ್ಯಾಲಕ್ಕ ಎರಡು. ಅದು ಮೂರು, ಆರು. ಕಣ್ ಮುಚ್ರಿ ಆಂಟಿ. ಮುಟ್ಟಿ ನೋಡ್ರಿ."

ಕೌಸಲ್ಯಾ ಕಣ್ಣು ಮುಚ್ಚಿ ಬೆರಳು ಆಡಿಸಿದಳು.

"ಈ ಸೂಜಿಯಿಂದ ಆ ಸೂಜಿಗೆ ಅಡ್ಡಕ್ಕ ಎಷ್ಟ್ ಮನಿ?"

"ಎರಡು."

"ಮ್ಯಾಲಕ್ಕ?"

"ನಾಲ್ಕು."

"ಅಂದ್ರ ಅಡ್ಡಕ್ಕ ಒಂದ್ ಹೋದ್ರ ಮ್ಯಾಲಕ್ಕ ಎರಡ್ ಏರ್ತದ. ಅದೇ ಸ್ಲೋಪ್. ಅದು ಈ ರೇಖಾದ ಮ್ಯಾಲ ಎಲ್ಲಿ ನಿಂತ್ರೂ ಬದಲಾಗಂಗಿಲ್ಲ. ಅದನ್ನ ಹಿಡಕೊಂಡು ಮೊದಲನೇ ಸೂಜಿಯಿಂದ ಹೊರಟ್ರ ವೈ ಅಂದ್ರ ಎಕ್ಸ್‌ನ ಎರಡು ಪಟ್ಟು ಅಂತ ಬರ್ತದ. ಈಗ ಹೇಳ್ರಿ, ಅಡ್ಡಕ್ಕ ಐವತ್ ಹೋದ್ರ ಮ್ಯಾಲಕ್ಕ ಎಷ್ಟು?"

"ನೂರು."

"ಅಲ್ಲಿ ತನಕ ಹಲಗಿ ಇಲ್ಲ. ರಬ್ಬರೂ ಇಲ್ಲ. ಆದ್ರೂ ನಿಮಗ ಗೊತ್ತಾತು." ರಂಜನಾ ಸೂಜಿ ಕಿತ್ತಳು. "ಗೆರಿ ಎಳದ್ರ ಹಾಳಿ ಮುಗಿದ ಕಡಿ ಮುಗೀತದ. ಸಮೀಕರಣ ಬರದ್ರ ಈ ಗ್ವಾಡಿ ದಾಟಿ ಹೋಗ್ತದ. ಮುಂದಿನ ಲೆಕ್ಕ ಓದ್ರಿ."

ಆ ದಿನ ಲೋಕಲ್‌ನಲ್ಲಿ ಮನೆಗೆ ಬರುವಾಗ ಕೌಸಲ್ಯಾ ಕಂಬಿ ಹಿಡಿದು ನಿಂತು, ತುಟಿಯೊಳಗೇ ಎಕ್ಸ್, ವೈ ಎಂದುಕೊಳ್ಳುತ್ತಿದ್ದಳು. ಪಕ್ಕದ ಹೆಂಗಸು ಜಾಗ ಬೇಕೆ ಎಂದು ಕೇಳಿದ್ದೂ ಕೇಳಿಸಲಿಲ್ಲ.

ಪರೀಕ್ಷೆ ಏಪ್ರಿಲ್‌ನಲ್ಲಿ, ಪಕ್ಕದ ಠಾಣೆ ಊರಿನ ಒಂದು ಶಾಲೆಯಲ್ಲಿ. ಬರೆಯುವವರ ಸಹಾಯ ಪಡೆದವರಿಗೆ ಪ್ರತ್ಯೇಕ ಕೋಣೆ, ಹೆಚ್ಚಿನ ಸಮಯ. ಆ ಕೋಣೆಯಲ್ಲಿ ಅಂದು ಇದ್ದದ್ದು ಇವರಿಬ್ಬರು, ಮತ್ತೆ ಮೇಲ್ವಿಚಾರಣೆಗೆ ಬಂದ ಒಬ್ಬ ಮರಾಠಿ ಮೇಡಮ್. ಅವರು ರಂಜನಾಳ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಗುಂಡುಸೂಜಿಯ ಡಬ್ಬಿ ಅಲ್ಲಾಡಿಸಿ, ಸರಿ ಎಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ.

ಮೊದಲ ಪುಟ ಸಲೀಸಾಗಿ ಸಾಗಿತು. ಕೌಸಲ್ಯಾ ಇಂಗ್ಲಿಷಿನಲ್ಲಿದ್ದ ಪ್ರಶ್ನೆಯನ್ನು ನಿಧಾನವಾಗಿ ಓದುವಳು, ರಂಜನಾ ತಲೆ ಓರೆ ಮಾಡಿ ಕೇಳುವಳು, ಆಮೇಲೆ "ಬರೀರಿ, ಕಂಸ ತೆಗೀರಿ" ಎಂದು ಶುರುಮಾಡುವಳು. ಕೌಸಲ್ಯಾಳ ಕೈಗೆ ಒಂದು ಓಟ ಬಂತು. ಇಷ್ಟೇನಾ, ಸುಮ್ಮನೆ ಹೆದರಿದ್ದೆ ಎಂದುಕೊಳ್ಳುವಷ್ಟರಲ್ಲಿ ಮೇಡಮ್ ಕುರ್ಚಿಯಿಂದ ಎದ್ದು ಬಂದರು.

"ಕೌನ್ಸಿ ಭಾಷಾ ಹೈ ಯೆ?"

"ಕನ್ನಡ," ಎಂದಳು ರಂಜನಾ.

"ನಹೀ ಚಲೇಗಾ. ಹಿಂದಿ ಬೋಲೋ, ಇಂಗ್ಲಿಷ್ ಬೋಲೋ, ಮರಾಠಿ ಬೋಲೋ. ಮುಝೆ ಸಮಝನಾ ಚಾಹಿಯೆ."

ರಂಜನಾ ವಾದ ಮಾಡಲು ನೋಡಿದಳು. ಮೇಡಮ್ ಬಗ್ಗಲಿಲ್ಲ. ಹಿಂದೆ ಒಂದು ಪರೀಕ್ಷೆಯಲ್ಲಿ ಬರೆಯಲು ಬಂದವರು ಉತ್ತರ ಹೇಳಿಕೊಟ್ಟು ಸಿಕ್ಕಿಬಿದ್ದರಂತೆ, ಕೋಣೆಯಲ್ಲಿದ್ದ ತಮಗೆ ನೋಟಿಸು ಬಂದಿತ್ತಂತೆ. ಇನ್ನೊಂದು ಸಲ ನನಗೆ ತಿಳಿಯದ ಭಾಷೆಯಲ್ಲಿ ಮಾತಾಡಿದರೆ ಉತ್ತರಪತ್ರಿಕೆ ತೆಗೆದುಕೊಂಡು ಮೇಲಿನವರಿಗೆ ಬರೆದು ಕಳಿಸುತ್ತೇನೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಆಮೇಲೆ ಕುರ್ಚಿಯನ್ನು ಬಾಗಿಲಿನಿಂದ ಎಳೆದು ತಂದು ಅವರ ಬೆಂಚಿನ ಪಕ್ಕಕ್ಕೇ ಹಾಕಿಕೊಂಡರು.

ರಂಜನಾಗೆ ಹಿಂದಿ ತೊಂದರೆಯಿರಲಿಲ್ಲ. ಅವಳು ಓದಿದ್ದೇ ಹಿಂದಿ ಮಾತಾಡುವ ಹುಡುಗಿಯರ ನಡುವೆ. ಕೌಸಲ್ಯಾಳದು ಸೊಪ್ಪಿನವನ ಹತ್ತಿರ, ರಿಕ್ಷಾದವನ ಹತ್ತಿರ ಆಡುವ ಹಿಂದಿ. ಕಂಸ ಹೋಗಿ ಬ್ರ್ಯಾಕೆಟ್ ಬಂತು, "ತೆಗೀರಿ" ಹೋಗಿ "ಖೋಲೋ" ಬಂತು. ಇಪ್ಪತ್ತು ದಿನದಿಂದ ಕೈಗೆ ಹತ್ತಿದ್ದ ಓಟ ತಪ್ಪಿತು. ಮೇಡಮ್ ಹಚ್ಚಿಕೊಂಡಿದ್ದ ಪೌಡರಿನ ವಾಸನೆ ಬರುವಷ್ಟು ಹತ್ತಿರ ಕೂತಿದ್ದಾರೆ, ತಾನು ಓದುವ ಒಂದೊಂದು ಇಂಗ್ಲಿಷ್ ಶಬ್ದವನ್ನೂ ಕೇಳಿಸಿಕೊಳ್ಳುತ್ತಿದ್ದಾರೆ. ಕೌಸಲ್ಯಾ ಪ್ರಶ್ನೆಪತ್ರಿಕೆಯನ್ನು ಬಿಗಿಯಾಗಿ ಹಿಡಿದು, ಗಂಟಲು ಸರಿಮಾಡಿಕೊಂಡು, ಹದಿನೇಳನೆಯ ಪ್ರಶ್ನೆ ಓದಿದಳು. ಎರಡು ಬಿಂದುಗಳ ಮೂಲಕ ಹೋಗುವ ಸರಳರೇಖೆಯ ಸಮೀಕರಣ ಕಂಡುಹಿಡಿಯಿರಿ.

"ಟೂ ಕಾಮಾ ಥ್ರೀ," ಎಂದಳು. "ಔರ್, ಫೋರ್ ಕಾಮಾ ಮೈನಸ್ ವನ್."

ರಂಜನಾಳ ಮುಖ ಸಡಿಲಾಯಿತು. ಇದು ಅವಳಿಗೆ ಇಷ್ಟದ ಲೆಕ್ಕ. ಸೂಜಿ ಚುಚ್ಚಿ, ರಬ್ಬರ್ ಬಿಗಿದು, ಅದರ ಮೇಲೆ ಒಮ್ಮೆ ಬೆರಳೆಳೆದು, ಹಿಂದಿಯಲ್ಲಿ ಸರಸರನೆ ಹೇಳತೊಡಗಿದಳು. ಅಡ್ಡಕ್ಕೆ ಎರಡು ಹೋದರೆ ಕೆಳಕ್ಕೆ ನಾಲ್ಕು ಇಳಿಯುತ್ತದೆ, ಸ್ಲೋಪ್ ಮೈನಸ್ ಎರಡು. ಕೊನೆಗೆ ಬಂದದ್ದು: ಎರಡು ಎಕ್ಸ್ ಪ್ಲಸ್ ವೈ ಮೈನಸ್ ಏಳು, ಸಮ ಸೊನ್ನೆ. ಅವಳು ಯಾವಾಗಲೂ ಮಾಡುವಂತೆ ಎರಡನೆಯ ಬಿಂದುವನ್ನು ಅದರಲ್ಲಿ ಹಾಕಿ ನೋಡಿದಳು. ಎಂಟು, ಅದರಲ್ಲಿ ಒಂದು ಹೋಗಿ ಏಳು, ಏಳರಲ್ಲಿ ಏಳು ಹೋಗಿ ಸೊನ್ನೆ. ಸರಿ ಹೊಂದಿತು.

"ಆಗೇ," ಎಂದಳು.

ಕೌಸಲ್ಯಾ ಮುಂದಕ್ಕೆ ಹೋದಳು. ಹತ್ತೊಂಬತ್ತನೆಯ ಉತ್ತರ ಬರೆಯುತ್ತಿದ್ದಾಗ ಬೆವರಿದ ಕೈ ಒರೆಸಿಕೊಳ್ಳಲೆಂದು ಪ್ರಶ್ನೆಪತ್ರಿಕೆಯನ್ನು ಕೆಳಗಿಟ್ಟಳು. ಅಷ್ಟು ಹೊತ್ತೂ ಅವಳ ಹೆಬ್ಬೆರಳು ಒತ್ತಿಕೊಂಡಿದ್ದ ಜಾಗ ಒದ್ದೆಯಾಗಿ ಮೆತ್ತಗಾಗಿತ್ತು. ಅಲ್ಲಿ, ಕಂಸದೊಳಗೆ, ಎರಡರ ಎಡಕ್ಕೆ ಒಂದು ಸಣ್ಣ ಅಡ್ಡಗೆರೆ ಇತ್ತು.

ಮೈನಸ್ ಎರಡು, ಮೂರು.

ಕಲೆ ಇರಬಹುದು ಎಂದು ಬಗ್ಗಿ ನೋಡಿದಳು. ಕಲೆಯಲ್ಲ, ಅಚ್ಚಾದದ್ದೇ. ರಂಜನಾ ಮುಂದಿನ ಸಾಲು ಹೇಳುತ್ತಿದ್ದಳು, ಅದು ಎಲ್ಲೋ ದೂರದಿಂದ ಕೇಳಿದಂತಿತ್ತು.

"ಆಂಟಿ? ಫಿರ್ ಸೇ ಬೋಲೂಂ?"

"ಹಾಂ, ಬೋಲೋ."

ಕೈ ಬರೆಯುತ್ತಿತ್ತು, ತಲೆ ಬೇರೆ ಕಡೆ ಓಡುತ್ತಿತ್ತು. ಹೇಳಿದರೆ ಈ ಮೇಡಮ್ ಕಾಗದ ಕಸಿದುಕೊಂಡಾರು. ಹುಡುಗಿಯ ಒಂದು ವರ್ಷ ಹೋದೀತು. ಹೇಳದಿದ್ದರೆ ಒಂದೇ ಲೆಕ್ಕ ಹೋಗುತ್ತದೆ, ಪಾಸಂತೂ ಆಗುತ್ತಾಳೆ. ಆದರೆ ಆ ಲೆಕ್ಕದಲ್ಲಿ ಅವಳ ತಪ್ಪು ಏನಿದೆ? ಕೊಟ್ಟ ಬಿಂದುವಿಗೆ ಅವಳು ಸರಿಯಾದ ರೇಖೆಯನ್ನೇ ಹಿಡಿದಿದ್ದಳು. ಬಿಂದುವನ್ನೇ ಕದಲಿಸಿ ಕೊಟ್ಟವಳು ತಾನು. ಇದೆಲ್ಲದರ ಅಡಿಯಲ್ಲಿ ಇನ್ನೊಂದು ಸಣ್ಣ ಸಂಕಟವೂ ಇತ್ತು. ಈ ಓದಿದ ಹೆಂಗಸಿನ ಮುಂದೆ, ನನಗೆ ನೆಟ್ಟಗೆ ಓದಲು ಬರಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಇಪ್ಪತ್ತನೆಯ ಪ್ರಶ್ನೆ ಓದಿದಳು. ರಂಜನಾ ಉತ್ತರ ಹೇಳಿದಳು. ಬರೆದಳು.

ಇಪ್ಪತ್ತೊಂದನೆಯ ಪ್ರಶ್ನೆಗೆ ಬಂದಾಗ ಬಾಯಿ ತೆರೆಯಿತು, ಪ್ರಶ್ನೆ ಹೊರಡಲಿಲ್ಲ.

"ಮೇಡಮ್," ಎಂದು, ಒಂದು ಪ್ರಶ್ನೆ ತಪ್ಪು ಓದಿದ್ದನ್ನು ತನ್ನ ಹಿಂದಿಯಲ್ಲಿ ಹೇಳಿದಳು. "ಮೈನೆ ಏಕ್ ಸವಾಲ್ ಗಲತ್ ಪಢಾ."

ಮೇಡಮ್ ಎದ್ದು ನಿಂತರು. ರಂಜನಾಳ ತಲೆ ಥಟ್ಟನೆ ಕೌಸಲ್ಯಾಳ ಕಡೆ ತಿರುಗಿತು.

"ಯಾವುದು ಅಂತ ಹೇಳಬೇಡಿ!" ಮೇಡಮ್ ಹಿಂದಿಯಲ್ಲಿ ಕೈ ಅಡ್ಡ ಮಾಡಿ ಹೇಳಿದರು. "ಇಂಥ ಉತ್ತರ ತಪ್ಪು ಅಂತ ನೀವು ಹೇಳಿದರೆ ಸಹಾಯ ಮಾಡಿದ ಹಾಗೆ. ಬರೆದದ್ದು ಬರೆದಾಯಿತು. ಮುಂದೆ ಹೋಗಿ."

"ಉತ್ತರ ಅಲ್ಲ ಮೇಡಮ್. ಓದಿದ್ದು. ನನ್ನ ತಪ್ಪು," ಕೌಸಲ್ಯಾ ತನಗೆ ಬಂದ ಹಿಂದಿಯಲ್ಲಿ ತೊದಲಿದಳು. "ಅವಳಿಗೆ ಗೊತ್ತೇ ಇಲ್ಲ."

"ಅದು ನನಗೆ ಹೇಗೆ ಗೊತ್ತಾಗಬೇಕು? ನೀವಿಬ್ಬರು ಅಷ್ಟು ಹೊತ್ತು ಏನು ಮಾತಾಡಿದಿರಿ ಅಂತ ನನಗೆ ಗೊತ್ತಾ?"

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದ ಸದ್ದು. ರಂಜನಾ ಎರಡೂ ಅಂಗೈಯನ್ನು ಹಲಗೆಯ ಮೇಲೆ ಊರಿ ಕೂತಿದ್ದಳು. ಆಮೇಲೆ ಸ್ವಚ್ಛ ಹಿಂದಿಯಲ್ಲಿ, ಫೋನ್ ಎತ್ತುವ ಕೆಲಸದಲ್ಲಿ ಕಲಿತ ದನಿಯಲ್ಲಿ ಕೇಳಿದಳು:

"ಮೇಡಮ್, ಪ್ರಶ್ನೆಯನ್ನು ಇನ್ನೊಂದು ಸಲ ಓದಿಸಿಕೊಳ್ಳಬಹುದಲ್ಲವೇ? ಅದಕ್ಕೆ ಅಡ್ಡಿಯಿಲ್ಲವಲ್ಲ?"

"ಅಡ್ಡಿಯಿಲ್ಲ. ಯಾವ ಪ್ರಶ್ನೆ?"

"ಎಲ್ಲಾ. ಒಂದರಿಂದ."

ಮೇಡಮ್ ಗಡಿಯಾರ ನೋಡಿದರು. "ಸಮಯ ಹೋಗುತ್ತೆ."

"ಹೋಗಲಿ."

ಮೇಡಮ್ ಕೌಸಲ್ಯಾಳ ಹಿಂದೆ ಬಂದು ನಿಂತು, ಭುಜದ ಮೇಲಿಂದ ಪ್ರಶ್ನೆಪತ್ರಿಕೆಯ ಮೇಲೆ ಬೆರಳಿಟ್ಟರು. "ಓದಿ. ಎಲ್ಲವನ್ನೂ ಒಂದೇ ದನಿಯಲ್ಲಿ. ಎಲ್ಲೂ ನಿಲ್ಲಬಾರದು, ಎಲ್ಲೂ ಒತ್ತಬಾರದು."

ಕೌಸಲ್ಯಾ ಒಂದರಿಂದ ಓದತೊಡಗಿದಳು. ಇಷ್ಟು ಕಷ್ಟದ ಓದನ್ನು ಅವಳು ಜೀವನದಲ್ಲಿ ಓದಿರಲಿಲ್ಲ. ಒಂದು, ಎರಡು, ಮೂರು ದಾಟಿದಂತೆ ಹದಿನೇಳು ಹತ್ತಿರವಾಗುತ್ತಿತ್ತು; ದನಿ ಏರದ ಹಾಗೆ, ಇಳಿಯದ ಹಾಗೆ ಅವಳು ಅಂಕಿಯ ಮೇಲೆ ಅಂಕಿ ಓದುತ್ತ ಹೋದಳು. "ಮೈನಸ್ ಟೂ ಕಾಮಾ ಥ್ರೀ" ಎಂಬುದು ಉಳಿದೆಲ್ಲ ಅಂಕಿಗಳ ಹಾಗೆಯೇ ಹೊರಬಂದು ಹೋಯಿತು. ರಂಜನಾಳ ಮುಖದಲ್ಲಿ ಏನೂ ಕಾಣಲಿಲ್ಲ. ಕೇಳಿಸಿಕೊಂಡಳೋ ಇಲ್ಲವೋ? ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಓದಿ ಮುಗಿಸುವಷ್ಟರಲ್ಲಿ ಕೌಸಲ್ಯಾಳ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

ರಂಜನಾ ಕೊನೆಯ ತನಕ ತಡೆದಿದ್ದು ಹೇಳಿದಳು: "ಹದಿನೇಳನೆಯ ಉತ್ತರ ಹೊಡೆದು ಹಾಕಿ. ಹೊಸದಾಗಿ ಬರೆಯಿರಿ."

ಮೇಡಮ್ ಹೋಗಿ ಕುರ್ಚಿಯಲ್ಲಿ ಕೂತರು.

ಹಲಗೆಯ ಮೇಲೆ ಒಂದು ಸೂಜಿ ಇದ್ದಲ್ಲೇ ಇತ್ತು. ರಂಜನಾ ಇನ್ನೊಂದನ್ನು ಕಿತ್ತು, ನಡುಗೆರೆಯ ಆಚೆಗೆ ಎಣಿಸಿ ಚುಚ್ಚಿದಳು. ರಬ್ಬರು ಈಗ ಅಷ್ಟು ಕಡಿದಾಗಿ ಇಳಿಯಲಿಲ್ಲ. ಅಡ್ಡಕ್ಕೆ ಆರು, ಕೆಳಕ್ಕೆ ನಾಲ್ಕು. ಮೂರಕ್ಕೆ ಎರಡು ಇಳಿತ. ಅವಳು ಸಾಲು ಸಾಲಾಗಿ ಹೇಳಿದಳು, ಕೌಸಲ್ಯಾ ಒಂದೂ ಹೊಡೆದು ಹಾಕದೆ ಬರೆದಳು: ಎರಡು ಎಕ್ಸ್ ಪ್ಲಸ್ ಮೂರು ವೈ ಮೈನಸ್ ಐದು, ಸಮ ಸೊನ್ನೆ. ಆದರೆ ಕೊನೆಯ ಪುಟದ ದೊಡ್ಡ ಲೆಕ್ಕ ಅರ್ಧಕ್ಕೆ ಬಂದಾಗ ಗಂಟೆ ಹೊಡೆಯಿತು. ಅದು ರಂಜನಾಗೆ ಪೂರ್ತಿ ಬರುತ್ತಿದ್ದ ಲೆಕ್ಕ. ಹೇಳುತ್ತಿದ್ದ ಸಾಲನ್ನು ನಡುವೆಯೇ ನಿಲ್ಲಿಸಿ ಅವಳು ಸೂಜಿಗಳನ್ನು ಡಬ್ಬಿಗೆ ಹಾಕತೊಡಗಿದಳು.

ಹೊರಗೆ ಇಂದ್ರಾಬಾಯಿ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಳು. "ಹ್ಯಾಂಗಾತು?" ಎಂದಳು. ರಂಜನಾ "ಆತು" ಎಂದಷ್ಟೇ ಹೇಳಿ ತಾಯಿಯ ಮೊಣಕೈ ಹಿಡಿದಳು. ಬೆಳಿಗ್ಗೆ ಬರುವಾಗ ಹಿಡಿದದ್ದು ಕೌಸಲ್ಯಾಳ ಮೊಣಕೈಯನ್ನು. ಠಾಣೆ ಸ್ಟೇಷನ್ನಿನಲ್ಲಿ ತಾಯಿ ಮಗಳು ರೈಲಿನ ಅಂಗವಿಕಲರ ಡಬ್ಬಿಗೆ ಹೋದರು, ಕೌಸಲ್ಯಾ ಲೇಡೀಸ್ ಡಬ್ಬಿಗೆ. ಮುಲುಂಡಿನಲ್ಲಿ ಇಳಿದು, ಆ ಡಬ್ಬಿಯ ಕಿಟಕಿಯತ್ತ ಕೈ ಎತ್ತಿದಳು. ಇಂದ್ರಾಬಾಯಿ ಕೈ ಬೀಸಿದಳು.

ಮಾರನೆಯ ದಿನವೆಲ್ಲ ಕೌಸಲ್ಯಾ ಮನೆಯೊಳಗೆ ತಿರುಗಾಡಿದಳು. ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋಗುವಳು, ಉಕ್ಕಿದ ವಾಸನೆಗೆ ಓಡಿ ಬರುವಳು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಎರಡೂ ಲೆಕ್ಕ ಮಾಡಿದಳು, ತಪ್ಪು ಬಿಂದುವಿನದು, ಸರಿ ಬಿಂದುವಿನದು. ಮೊದಲ ಸಲ ಕೂಡಲಿಲ್ಲ, ಮೂರನೆಯ ಸಲ ಎರಡೂ ಕೂಡಿದವು. ಸಮಾಧಾನವಾಗಲಿಲ್ಲ.

"ಓದಿದ್ದು ತಪ್ಪಾಯ್ತು. ಹೇಳಿದೆ. ಸರಿ ಮಾಡಿದ್ಲು. ಇನ್ನೇನು?" ಎಂದ ಕಿಟ್ಟು.

"ಕೊನೇ ಲೆಕ್ಕ ಹೋಯ್ತಲ್ರೀ. ನನ್ನಿಂದ."

"ಪಾಸಾಗಲ್ವಾ?"

"ಅದಲ್ಲ," ಎಂದಳು. ಮಂಗಳವಾರ ಎಕನಾಮಿಕ್ಸ್ ಇತ್ತು. ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಬರಲು ಅವಳು ಮರುದಿನ ಮಧ್ಯಾಹ್ನ ಭಾಂಡುಪಿಗೆ ಹೊರಟಳು.

ರಂಜನಾ ಗೋಡೆಗೆ ಒರಗಿ ಕೂತಿದ್ದಳು. ಕೌಸಲ್ಯಾ ಹೊಸ್ತಿಲಲ್ಲೇ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು: "ನಂಗೆ ಇದು ಆಗಲ್ಲ ಕಣಮ್ಮ. ಹೆಬ್ಬೆರಳು ಅಡ್ಡ ಇಟ್ಕೊಂಡು ಮೈನಸ್ಸೇ ಕಾಣದ ಹಾಗೆ ಮಾಡ್ಕೊಂಡೆ. ಇಂಗ್ಲಿಷು ಚೆನ್ನಾಗಿ ಬರೋವ್ರು ಯಾರಾದ್ರೂ ಬೇಕು ನಿಂಗೆ."

"ಕುಂದ್ರಿ ಆಂಟಿ."

"ನಿಂಗೆ ಸಿಟ್ಟು ಬಂದಿದೆ ಅಂತ ಗೊತ್ತು."

"ಬಂದದ," ಎಂದಳು ರಂಜನಾ. "ತಪ್ಪ ಓದಿದ್ದಕ್ಕಲ್ಲ. ಹತ್ತೊಂಬತ್ತರಾಗ ನಿಮ್ಮ ಪೆನ್ನಿನ ಸಪ್ಪಳ ನಿಂತಿತು. ನನಗ ಕೇಳಿಸ್ತದ. ದಣಿದಾರ ಅನ್ಕೊಂಡೆ. ನೀವು ಇಪ್ಪತ್ ಪೂರ್ತಿ ಬರದು ಆಮ್ಯಾಲ ಹೇಳಿದ್ರಿ. ಅಷ್ಟೊತ್ತು ಯಾಕ ಸುಮ್ಕಿದ್ರಿ?"

ಕೌಸಲ್ಯಾ ಚಾಪೆಯ ಅಂಚಿನಲ್ಲಿ ಕೂತಳು. ಪೇಪರ್ ಕಸಿದುಕೊಂಡಾರು ಅಂತ ಭಯವಾಯಿತು ಎನ್ನಲು ಹೊರಟವಳು ಅದನ್ನು ನುಂಗಿದಳು.

"ನಾಚಿಕೆ ಆಯ್ತು," ಎಂದಳು. "ಆ ಮೇಡಮ್ ಮುಂದೆ ಓದೋಕೆ ಬರಲಿಲ್ಲ ಅನ್ನೋದಕ್ಕೆ."

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಇಂದ್ರಾಬಾಯಿಯ ಕೈ ನಿಂತಿತು. ಪಕ್ಕದ ಮನೆಯ ಟಿ.ವಿ.ಯಲ್ಲಿ ಯಾರೋ ಅಳುತ್ತಿದ್ದರು.

"ನಾನೂ ಮೊದಲ ಆಫೀಸ್‌ದಾಗ ಹಂಗೇ ಮಾಡ್ತಿದ್ದೆ," ಎಂದಳು ರಂಜನಾ. "ಫೋನ್‌ನ್ಯಾಗ ಹೆಸರು ನೆಟ್ಟಗ ಕೇಳಿಸದಿದ್ರ ಮತ್ತೊಮ್ಮಿ ಕೇಳ್ತಿರಲಿಲ್ಲ. ತಪ್ ಮಂದಿಗಿ ಜೋಡಿಸಿ ಬೈಸ್ಕೋತಿದ್ದೆ." ಹಾಗೆಂದು ಕೈ ಚಾಚಿ, ಪಕ್ಕದಲ್ಲಿದ್ದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನು ತಡಕಿ ಕೌಸಲ್ಯಾಳ ಮುಂದೆ ನೂಕಿದಳು. "ಓದ್ರಿ. ಎಕನಾಮಿಕ್ಸ್. ಕನ್ನಡದಾಗ ಒಂದು ಮಾತೂ ಬ್ಯಾಡ. ಪೇಪರ್ ಕೈಯಾಗ ಹಿಡೀಬ್ಯಾಡ್ರಿ, ನೆಲದ ಮ್ಯಾಲ ಇಡ್ರಿ. ಅವ್ವಾ, ನೀ ಆಂಟಿ ಹಿಂದ ಬಂದು ನಿಂದ್ರು."

"ನಾ ಯಾಕ?"

"ಮೇಡಮ್ ನಿಂತಂಗ ನಿಂದ್ರು. ಬಗ್ಗಿ ನೋಡು. ನಡುನಡುವ ಬೈ."

ಇಂದ್ರಾಬಾಯಿ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ನಿಂತಳು. ದಿನಾ ಅಕ್ಕೋರ ಎನ್ನುವ ಹೆಂಗಸನ್ನು ಬೈಯುವುದು ಹೇಗೆಂದು ತಿಳಿಯದೆ, ಮೊದಲು ಸುಮ್ಮನೆ ಕೆಮ್ಮಿದಳು. ಆಮೇಲೆ ಧೈರ್ಯ ಮಾಡಿ "ಕ್ಯಾ ಹೈ ಯೆ! ನಹೀ ಚಲೇಗಾ!" ಎಂದು ಕೂಗಿದಳು. ಕೌಸಲ್ಯಾ ಬೆಚ್ಚಿ ಒಂದು ಶಬ್ದ ನುಂಗಿದಳು.

"ನುಂಗಿದ್ರಿ," ಎಂದಳು ರಂಜನಾ. "ಮತ್ತ ಓದ್ರಿ."

ಸಂಜೆಯವರೆಗೆ ಓದಿಸಿದಳು. ತಪ್ಪಿದಾಗಲೆಲ್ಲ ಕೌಸಲ್ಯಾ ತಾನೇ ನಿಲ್ಲಿಸಿ "ಗಲತ್ ಪಢಾ, ಫಿರ್ ಸೇ" ಎಂದು ಗಟ್ಟಿಯಾಗಿ ಹೇಳಬೇಕು, ಇದು ರಂಜನಾಳ ಕಟ್ಟಪ್ಪಣೆ. ಮೊದಮೊದಲು ಆ ಮಾತು ಪಿಸುಮಾತಾಗಿಯೇ ಬರುತ್ತಿತ್ತು. ಕತ್ತಲಾಗುವ ಹೊತ್ತಿಗೆ ಅದು "ಭೈಯಾ, ಆಗೇ ರೋಕೋ" ಎಂದು ರಿಕ್ಷಾದವನಿಗೆ ಹೇಳಿದಷ್ಟು ಸಲೀಸಾಗಿತ್ತು.

ಮಂಗಳವಾರ ಬೇರೊಬ್ಬ ಮೇಡಮ್ ಇದ್ದರು. ಅವರು ಇಡೀ ಹೊತ್ತು ಕಿಟಕಿಯ ಹತ್ತಿರ ನಿಂತು ಏನನ್ನೋ ಕಾಯುತ್ತಿದ್ದಂತೆ ಹೊರಗೇ ನೋಡುತ್ತಿದ್ದರು. ಕೌಸಲ್ಯಾ ಎರಡು ಸಲ ತಪ್ಪು ಓದಿದಳು, ಎರಡು ಸಲವೂ ಅಲ್ಲೇ ಹೇಳಿದಳು. ಯಾರೂ ಏನೂ ಅನ್ನಲಿಲ್ಲ.

ಫಲಿತಾಂಶ ಬಂದದ್ದು ಜೂನ್ ಕೊನೆಗೆ. ಮುಲುಂಡ್ ಮಾರ್ಕೆಟ್ಟಿನಲ್ಲಿ ಕೌಸಲ್ಯಾ ಬೆಂಡೆಕಾಯಿ ಆರಿಸುತ್ತಿದ್ದಾಗ ರಂಜನಾಳ ಫೋನು ಬಂತು. ಪಾಸು, ಎಲ್ಲದರಲ್ಲೂ. ಗಣಿತದಲ್ಲಿ ಅರವತ್ತೊಂದು.

"ಆ ಲೆಕ್ಕಕ್ಕೆ ಎಷ್ಟು ಕೊಟ್ರು?"

"ಯಾವ ಲೆಕ್ಕಕ್ಕ ಎಷ್ಟು ಅಂತ ಹೇಳಂಗಿಲ್ರಿ ಆಂಟಿ. ಒಟ್ಟ ಅಷ್ಟೇ."

"ಕೊನೇದು ಪೂರ್ತಿ ಆಗಿದ್ರೆ ಇನ್ನೂ ಬರ್ತಿತ್ತು."

"ಬರ್ತಿತ್ತು," ಎಂದಳು ರಂಜನಾ, ಸಮಾಧಾನ ಮಾಡುವ ಗೋಜಿಗೆ ಹೋಗದೆ. "ಈಗ ಕೇಳ್ರಿ. ಕಾಲೇಜ್‌ದಾಗ ಬಿ.ಕಾಂ. ಸೀಟ್ ಸಿಗಬಹುದು. ಮೊದಲನೇ ಪರೀಕ್ಷಾ ದಸರಾ ಆದಮ್ಯಾಲ ಇರ್ತದಂತ. ನಿಮ್ ಹೆಸರ ಕೊಡ್ಲೇನು?"

ಬೆಂಡೆಕಾಯಿಯವನು ಚೀಲ ಹಿಡಿದು ಕಾಯುತ್ತಿದ್ದ. ಹಿಂದಿನಿಂದ ಯಾರೋ ನೂಕಿದರು. ಕೌಸಲ್ಯಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಅದರಲ್ಲೂ ಗಣಿತ ಇರತ್ತಾ?" ಎಂದು ಕೇಳಿದಳು.

"ಇರ್ತದ. ಗ್ರಾಫ್ ಭಾಳ ಇರ್ತಾವ."

"ಸರಿ, ಕೊಡು. ಆದರೆ ಮುಂದಿನ ವಾರದಿಂದಲೇ ಶುರು ಮಾಡೋಣ. ದಸರಾ ತನಕ ಕಾಯೋದು ನನ್ನ ಕೈಲಾಗಲ್ಲ," ಎಂದಳು ಕೌಸಲ್ಯಾ.